ಬೇರೆಯವರ ಮಗಳು

ಬಸ್ಸಿನಲ್ಲಿ ಪಾಪುವಿನ ಎದುರಿಗೆ ಕೂತಿದ್ದ ಹೆಂಗಸು ಚಪ್ಪಲಿ ಕಳಚಿ, ಪಾದದ ಮೇಲೆ ಪಾದ ಇಟ್ಟುಕೊಂಡು ತೂಕಡಿಸುತ್ತಿದ್ದಳು. ನೋಡಬಾರದು ಅಂದುಕೊಂಡಷ್ಟೂ ಪಾಪುವಿನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೆಬ್ಬೆರಳು, ಅದರ ಪಕ್ಕದ್ದು, ನಡುವಿನದು, ಆಮೇಲೆ ಕೊನೆಯ ಎರಡು. ಕೊನೆಯ ಎರಡೂ ಬೇರೆ ಬೇರೆಯಾಗಿದ್ದವು. ಮಧ್ಯೆ ಒಂದಿಷ್ಟು ಧೂಳು, ಬೆವರು. ಎಲ್ಲರ ಕಾಲಲ್ಲೂ ಅವು ಬೇರೆ ಬೇರೆಯಾಗಿಯೇ ಇರುತ್ತವೆ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಈಚೆಗೆ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳುವ ತನಕ ಅವಳಿಗೆ ಉಸಿರು ಸರಾಗವಾಗಿ ಆಡುತ್ತಿರಲಿಲ್ಲ. ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಬರಿಗಾಲಲ್ಲಿ ನಿಂತಿದ್ದಾಗಲೂ ಹಾಗೇ ಆಗಿತ್ತು. "ಏನೇ ಅದು, ನೆಲದಲ್ಲಿ ಏನಾದ್ರೂ ಬಿದ್ದಿದೆಯಾ?" ಅಂತ ಅಮ್ಮ ಕೇಳಿದಳು. "ಏನಿಲ್ಲಮ್ಮ" ಅಂದು ತಾನೇ ಬೆಚ್ಚಿದಳು. ಆ ದಿನ, ಮಗಳು ಸತ್ತ ಆ ಮನೆಯ ಬಾಗಿಲಲ್ಲಿ, ತನ್ನ ಗಂಡ ಕೇಳಿದಾಗ ಅಲ್ಲಿಯ ತಾಯಿಯೂ ಇದೇ ಮಾತು ಹೇಳಿದ್ದಳು. ಏನಿಲ್ಲ. ಅದೇ ದನಿ, ಅದೇ ಅವಸರ.

ಮನೆಯಲ್ಲಿ ಕಿರಿಯವಳಾದ್ದರಿಂದ ಪಾಪು ಅನ್ನುವ ಹೆಸರು ಕಾಲೇಜು ಮೆಟ್ಟಿಲು ಹತ್ತಿದ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಬೇಸಿಗೆ ರಜೆಯಲ್ಲಿ ಈ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದ ಮೊದಲ ವಾರವೇ ಅಮ್ಮ ಆಫೀಸಿಗೆ ಫೋನ್ ಮಾಡಿ "ನಮ್ಮ ಪಾಪು ಊಟ ಮಾಡಿದ್ಲಾ ನೋಡಿ" ಅಂದುಬಿಟ್ಟಿದ್ದಳು. ಅಲ್ಲಿಂದ ಮೇಡಂ ಬಾಯಲ್ಲೂ ಪಾಪು, ಗೇಟಿನ ಕಾವಲುಗಾರನ ಬಾಯಲ್ಲೂ ಪಾಪು. ಅಲ್ಲಿಗೆ ಹೊರಡುವ ಮುನ್ನ ಅವಳು ಕನ್ನಡಿಯ ಮುಂದೆ ಬೇರೊಬ್ಬಳನ್ನು ತಯಾರು ಮಾಡಿಕೊಂಡಿದ್ದಳು. ಗಂಭೀರವಾಗಿ ತಲೆಯಾಡಿಸುವವಳು, ಅನ್ಯಾಯ ಅನ್ನುವ ಮಾತನ್ನು ದನಿ ಏರಿಸದೆ ಆಡುವವಳು. ಆ ಬೇರೊಬ್ಬಳು ಒಂದೇ ಒಂದು ಫೋನಿಗೆ ನೆಲಕಚ್ಚಿದಳು. ಗೆಳತಿಯರೆಲ್ಲ ಬ್ಯಾಂಕುಗಳಲ್ಲಿ, ತಂಪು ಗಾಜಿನ ಕಟ್ಟಡಗಳಲ್ಲಿ ಇಂಟರ್ನ್‌ಶಿಪ್ ಹಿಡಿದಿದ್ದರು. ಇವಳಿಗೆ ಸಿಕ್ಕಿದ್ದು ಎರಡನೇ ಮಹಡಿಯ ಒಂದು ಉದ್ದನೆಯ ಕೋಣೆ, ತಿರುಗಿದಾಗಲೆಲ್ಲ ಕೀರಲು ಧ್ವನಿಯಲ್ಲಿ ದೂರು ಹೇಳುವ ಫ್ಯಾನು, ಮತ್ತು ಸತ್ತವರ ಮನೆಯವರ ಮಾತು.

ಊರಿನ ಆಸ್ಪತ್ರೆ, ಹೋಟೆಲುಗಳ ಚಾದರಗಳನ್ನು ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯೊಂದರಲ್ಲಿ ಹಿಂದಿನ ಚಳಿಗಾಲ ಬೆಂಕಿ ಬಿದ್ದಿತ್ತು. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗೆ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರು ಹುಡುಗಿಯರು. ಅವರ ಮನೆಗಳಿಗೆ ಹೋಗಿ ಮಾತು ಕೇಳಿ, ರೆಕಾರ್ಡ್ ಮಾಡಿ, ಅದನ್ನೆಲ್ಲ ಒಂದು ವರದಿಗೆ ತರುವುದು ಸಂಸ್ಥೆಯ ಕೆಲಸ. ಮೊದಲ ದಿನವೇ ಮೇಡಂ ಇಂಟರ್ನುಗಳನ್ನೆಲ್ಲ ಸುತ್ತ ಕೂರಿಸಿಕೊಂಡು ಪಾಠ ಹೇಳಿದ್ದರು. ಮೇಡಂ ಅಂದರೆ ನರೆತ ತಲೆ, ಇಸ್ತ್ರಿ ಕಾಣದ ಹತ್ತಿ ಅಂಗಿ, ಬಾಯಲ್ಲಿ ಸದಾ ಒಂದು ಲವಂಗ. "ಅವರು ಮಾತು ಮುಗಿಸಿದ ಕೂಡಲೇ ನೀವು ಇನ್ನೊಂದು ಪ್ರಶ್ನೆ ಹಾಕ್ಬೇಡಿ. ಸುಮ್ನೆ ಕೂತ್ಕೊಳ್ಳಿ. ಮೌನ ಯಾರಿಗೂ ತಡ್ಕೊಳ್ಳೋಕಾಗಲ್ಲ. ಅವರೇ ಏನೋ ಒಂದು ಹಾಕಿ ಅದನ್ನ ತುಂಬಿಸ್ತಾರೆ. ಆ ಏನೋ ಒಂದು ಇದೆಯಲ್ಲ, ಅದಕ್ಕೇ ನಾವು ಹೋಗೋದು." ಪಾಪು ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಉಳಿದವರು ಚಡಪಡಿಸುತ್ತಿದ್ದರು, ನಡುವೆ ಬಾಯಿ ಹಾಕುತ್ತಿದ್ದರು. ಅವಳಿಗೆ ಸುಮ್ಮನಿರುವುದು ಬಂತು. ಜೀವನದಲ್ಲಿ ಮೊದಲ ಬಾರಿಗೆ ಯಾವುದೋ ಒಂದು ತನಗೆ ಸಲೀಸಾಗಿ ಒಲಿಯಿತು ಅಂತ ಒಳಗೊಳಗೇ ಹಿಗ್ಗಿದಳು.

ಬಸ್ಸು ಬ್ರೇಕು ಹಾಕಿತು. ಎದುರಿನ ಹೆಂಗಸು ಎಚ್ಚೆತ್ತು, ಪಾಪು ತನ್ನ ಕಾಲನ್ನೇ ನೋಡುತ್ತಿರುವುದು ಕಂಡು, ನಾಚಿಕೊಂಡವಳ ಹಾಗೆ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡಳು.

ಕೆಲವು ದಿನಗಳ ಹಿಂದೆ ಪಾಪು ಮಾತು ಕೇಳಲು ಹೋಗಿದ್ದ ಆ ಮನೆ ಚಿಕ್ಕದು. ಒಂದೇ ಕೋಣೆ, ಅಡುಗೆಗೆ ಒಂದು ಮೂಲೆ, ಮಧ್ಯೆ ದಾರಕ್ಕೆ ಇಳಿಬಿಟ್ಟ ಪರದೆ. ಗೋಡೆಯ ಮೇಲೆ ಮಗಳ ಫೋಟೋ. ಯಾರದೋ ಮದುವೆಯಲ್ಲಿ ಗುಂಪಿನಲ್ಲಿ ನಿಂತಾಗ ತೆಗೆದದ್ದನ್ನು ದೊಡ್ಡದು ಮಾಡಿಸಿದ್ದು, ಹೆಗಲ ಮೇಲೆ ಬೇರೆ ಯಾರದೋ ಕೈ ಅರ್ಧ ಉಳಿದುಕೊಂಡಿತ್ತು. ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಆ ದಿನ ರಜೆ ಹಾಕಿದ್ದಳು. ಕೇಳಿದ್ದಕ್ಕೆಲ್ಲ ಒಪ್ಪವಾಗಿ ಉತ್ತರ ಕೊಟ್ಟಳು. ಮಗಳು ಎಷ್ಟು ಹೊತ್ತಿಗೆ ಏಳುತ್ತಿದ್ದಳು, ಮೇಸ್ತ್ರಿ ಏನೆಂದು ಬಯ್ಯುತ್ತಿದ್ದ, ಬಿಸಿ ರೋಲರಿಗೆ ತಾಗಿ ಅಂಗೈಯಲ್ಲಿ ಎಂಥ ಬೊಬ್ಬೆಗಳೇಳುತ್ತಿದ್ದವು. ಎಲ್ಲ ಮುಗಿಯಿತು. ಪಾಪು ರೆಕಾರ್ಡರ್ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡಳು. ನೀರು ಕುಡಿದಳು. ಏಳಬೇಕು. ಏಳುವ ಬದಲು ಕೇಳಿದಳು: "ಕೊನೆಗೆ ನೀವು ಅವಳನ್ನ ನೋಡಿದ್ರಾ ಅಮ್ಮಾ?" ತಾಯಿ "ಹ್ಞೂಂ" ಅಂದಳು. ಅಷ್ಟೇ. ಪಾಪು ಲೋಟ ಕೆಳಗಿಟ್ಟು ಸುಮ್ಮನೆ ಕೂತಳು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದ ಸದ್ದು. ಅವಳು ಸುಮ್ಮನೇ ಇದ್ದಳು. ತಾಯಿ ಖಾಲಿ ಲೋಟವನ್ನು ತನ್ನ ಕಡೆ ಎಳೆದುಕೊಂಡಳು. ಆಗಲೂ ಅವಳು ಸುಮ್ಮನೆ ಕೂತೇ ಇದ್ದಳು.

"ಮುಖ ಏನೂ ಉಳಿದಿರ್ಲಿಲ್ಲ ಕಣಮ್ಮ. ಕೈಯಲ್ಲಿ ವಾಚಿತ್ತು, ನಮ್ಮನೆಯವರು ಅದನ್ನ ನೋಡಿ ಇವಳೇ ಅಂದ್ರು. ಬಲಗಾಲೊಂದು ಷೂ ಒಳಗೆ ಹಾಗೇ ಇತ್ತು. ನಾನು ಷೂ ಬಿಚ್ಚಿದೆ, ಒರೆಸೋಣ ಅಂತ. ನನ್ನ ಮಗಳಿಗೆ ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿಗೆ ಅಂಟ್ಕೊಂಡಿತ್ತು, ಹುಟ್ಟಿದಾಗಿಂದ. ಇದರಲ್ಲಿ ಬೇರೆ ಬೇರೆ ಇತ್ತು." ಸ್ವಲ್ಪ ಹೊತ್ತು ತನ್ನದೇ ಕೈಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. "ವಾಚು ಅವಳದೇ. ಕಾಲು ಅವಳದಲ್ಲ."

ಪಾಪುವಿನ ಮೈಯೆಲ್ಲ ಕಿವಿಯಾಗಿತ್ತು.

"ಮತ್ತೆ ಷೂ ಹಾಕಿಬಿಟ್ಟೆ. ಅವರು ಪಕ್ಕದಲ್ಲಿ ನಿಂತು ವಾಚನ್ನ ಮುಷ್ಟಿಯಲ್ಲಿ ಹಿಡ್ಕೊಂಡು ಅಳ್ತಾ ಇದ್ರು. ಅದಕ್ಕೂ ಮೊದಲು ಊಟ ಇಲ್ಲ ನಿದ್ದೆ ಇಲ್ಲ, ಆ ಸುಟ್ಟ ಕಟ್ಟಡದ ಮುಂದೇನೇ ಕೂತಿರ್ತಿದ್ರು. ಮಣ್ಣು ಮಾಡಿ ಬಂದ ಮೇಲೇ ಅವರು ಊಟ ಮಾಡಿದ್ದು. ಈಗ ದಿನಾ ಮಧ್ಯಾಹ್ನ ಸಮಾಧಿ ಹತ್ರ ಹೋಗ್ತಾರೆ, ನೀರು ಹಾಕೋಕೆ. ಹೇಗೆ ಹೇಳ್ಲಿ ನಾನು?"

ಆಗ ಬಾಗಿಲು ಸರಿಯಿತು. ಗಂಡ ಒಳಬಂದ. ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಕೈಯಲ್ಲಿ ಖಾಲಿ ಕ್ಯಾನು. "ಏನು ಮಾತು ನಡೀತಿದೆ?" ಅಂದ, ಮೃದುವಾಗಿಯೇ. "ಏನಿಲ್ಲ" ಅಂದಳು ಅವಳು. ಪಾಪುವನ್ನು ಬಾಗಿಲ ತನಕ ಬಿಡಲು ಬಂದು ಮುಂಗೈ ಹಿಡಿದುಕೊಂಡಳು. "ಇದು ನಿನ್ನಲ್ಲೇ ಇರ್ಲಿ." ಪಾಪು "ನಮ್ಮಿಬ್ಬರಲ್ಲೇ" ಅಂದಳು. ಆ ಬೀದಿಯಿಂದ ಬಸ್ ಸ್ಟಾಪಿಗೆ ನಡೆದು ಬಂದ ದಾರಿ ನೆನಪಾದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಅವಳು ಅತ್ತಿರಲಿಲ್ಲ. ಕಾಲು ಹಗುರವಾಗಿತ್ತು. ಬಹುಮಾನ ಗೆದ್ದವಳ ಹಾಗೆ, ಯಾರಿಗೂ ಸಿಗದ್ದು ನನಗೆ ಸಿಕ್ಕಿತು ಅಂತ ಎದೆ ಡವಗುಟ್ಟುತ್ತಿತ್ತು. ಅಂಗಡಿಯ ಗಾಜಿನಲ್ಲಿ ಕಂಡ ತನ್ನ ಮುಖ ನಗುತ್ತಿತ್ತು. ಆ ನಗುವನ್ನು ಅವಳು ಯಾರಿಗೂ ಹೇಳಿಲ್ಲ, ಹೇಳುವ ಹಾಗೂ ಇಲ್ಲ.

ಈ ದಿನ ಬಸ್ಸಿಳಿದು ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಬೆಂಚಿನ ಮೇಲೆ ಡ್ರೈವರ್ ಆಗಲೇ ಕೂತಿದ್ದ. ಊರಿನ ಬಸ್ಸು ಓಡಿಸುವವನು. ರಜೆಯ ದಿನ ತಪ್ಪದೆ ಬರುತ್ತಾನೆ. ಅವನ ತಂಗಿಯೂ ಅದೇ ಕಾರ್ಖಾನೆಯವಳು. ಬೆಂಕಿ ಬಿದ್ದ ದಿನದಿಂದ ಅವಳಿಲ್ಲ, ಅವಳ ದೇಹವೂ ಸಿಕ್ಕಿಲ್ಲ. ಹಾಜರಿ ಯಂತ್ರ ಸುಟ್ಟು ಹೋದದ್ದರಿಂದ ಅವಳು ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಅಂತ ಕಾರ್ಖಾನೆಯವರು ಸಲೀಸಾಗಿ ಕೈತೊಳೆದುಕೊಂಡಿದ್ದರು. ಪಾಪು ಎಂದಿನಂತೆ ಅವನಿಗೆ ನೀರು ತಂದುಕೊಟ್ಟಳು. ಅವನು ಎಂದಿನಂತೆ ಎದ್ದು ನಿಂತು ತೆಗೆದುಕೊಂಡ.

"ಇವತ್ತೇನಾದ್ರೂ ಗೊತ್ತಾಯ್ತಾ ಮೇಡಂ?"

"ಇಲ್ಲ ಅಣ್ಣ. ಮೇಡಂ ಒಳಗಿದ್ದಾರೆ. ನಾನು ಮೇಡಂ ಅಲ್ಲ."

"ಅದೇ, ಅದೇ. ಗೊತ್ತಾದ್ರೆ ನೀವೇ ಹೇಳ್ತೀರಿ ಬಿಡಿ." ಅವನು ನೀರು ಕುಡಿಯಲಿಲ್ಲ. "ಈಗ ಡಿಪೋದಲ್ಲೂ ಶುರು ಹಚ್ಕೊಂಡಿದ್ದಾರೆ. ಯಾರ ಜೊತೆ ಹೋದ್ಲು, ನಿಂಗೆ ಗೊತ್ತಿಲ್ದೆ ಇರತ್ತಾ ಅಂತ ನನ್ನೇ ಕೇಳ್ತಾರೆ. ನಗ್ತಾ ಕೇಳ್ತಾರೆ. ನಾನೂ ನಗ್ತೀನಿ. ಏನ್ ಮಾಡ್ಲಿ? ಮನೇಲಿ ಅಮ್ಮನೂ ಒಂದೊಂದ್ಸಲ, ಹೋಗ್ಲಿ ಬಿಡೋ, ಎಲ್ಲೋ ಒಂದ್ಕಡೆ ಸುಖವಾಗಿದ್ರೆ ಸಾಕು ಅಂತಾಳೆ. ಆ ಮಾತು ಕೇಳಿದ್ರೆ ನನಗೂ ಹಾಗೇ ಅನ್ಸೋಕೆ ಶುರುವಾಗತ್ತೆ. ಆಮೇಲೆ ವಾಚಿಂದು ನೆನಪಾಗತ್ತೆ."

"ಯಾವ ವಾಚು?" ದನಿ ತನ್ನದೇ ಅಂತ ಪಾಪುವಿಗೆ ಅನಿಸಲಿಲ್ಲ.

"ಅವಳ ವಾಚು ಕೆಟ್ಟಿತ್ತು. ಚಾದರ ಯಂತ್ರದಲ್ಲಿಟ್ಟು ಹೊತ್ತು ನೋಡ್ಬೇಕಂತೆ, ಒಂಚೂರು ಹೆಚ್ಚಾದ್ರೂ ಕಂದುತ್ತೆ. ಹೊಸದು ಕೊಡ್ಸೋ ಅಂದ್ಲು. ನಾಳೆ ನಾಳೆ ಅಂದೆ. ಕೊನೆಗೆ ಪಕ್ಕದಲ್ಲಿ ಕೆಲ್ಸ ಮಾಡೋ ಹುಡುಗಿ ತನ್ನದನ್ನೇ ಕೊಟ್ಟಿದ್ಲು, ನೀನು ಕಟ್ಕೋ, ನಿನ್ನ ಹೊಸದು ಬಂದ್ಮೇಲೆ ಕೊಡು ಅಂತ. ಅವತ್ತು ಬೆಳಿಗ್ಗೆ ಅದನ್ನ ಕಟ್ಕೊಂಡೇ ಹೋದ್ಲು. ಓಡಿಹೋಗೋಳು ಬೇರೆಯವರ ವಾಚು ಕಟ್ಕೊಂಡು ಹೋಗ್ತಾಳಾ ಮೇಡಂ? ನಮ್ಮ ಹುಡುಗಿ ಅಂಥೋಳಲ್ಲ."

ಪಾಪು ಅವನ ಷೂಗಳನ್ನೇ ನೋಡುತ್ತ ನಿಂತಳು. ಹಿಮ್ಮಡಿ ಸವೆದ ಕಪ್ಪು ಷೂ. ಅದರೊಳಗೆ ಐದು ಬೆರಳು, ಬೇರೆ ಬೇರೆ. ಇವನ ತಂಗಿಗೂ ಹಾಗೇ. ಅವಳು ಎಲ್ಲಿದ್ದಾಳೆ ಅಂತ ಈ ಊರಿನಲ್ಲಿ ಇಬ್ಬರಿಗೆ ಗೊತ್ತು. ಒಬ್ಬಳು ಆಸ್ಪತ್ರೆಯ ನೆಲ ಒರೆಸುತ್ತಿರಬಹುದು, ಇನ್ನೊಬ್ಬಳು ಇವನ ಮುಂದೆ ಖಾಲಿ ಟ್ರೇ ಹಿಡಿದು ನಿಂತಿದ್ದಾಳೆ. ಬಾಯಿ ತೆರೆದಳು. ಹೇಳಹೊರಟರೆ ತನ್ನ ಮುಂಗೈ ಹಿಡಿದಿದ್ದ ತಾಯಿಯ ಕೈ, ಬಾಗಿಲಲ್ಲಿ ಆ ಗಂಡನ ಮಣ್ಣು ಮೆತ್ತಿದ ಮೊಣಕಾಲು ಕಣ್ಣಿಗೆ ಬಂದವು. "ಇನ್ನೊಂದು ಲೋಟ ನೀರು ತರ್ಲಾ ಅಣ್ಣ?" ಅಂದಳು. ಅವನು ಕೈಯಲ್ಲಿದ್ದ ತುಂಬಿದ ಲೋಟವನ್ನೂ ಅವಳ ಮುಖವನ್ನೂ ನೋಡಿ ಬೇಡ ಅಂತ ತಲೆಯಾಡಿಸಿದ.

ಒಳಗೆ ಮೇಡಂ ವರದಿಯ ಕೊನೆಯ ತಿದ್ದುಪಡಿಯಲ್ಲಿದ್ದರು. ವಾರದ ಕೊನೆಗೆ ಬಿಡುಗಡೆ. ಅದೇ ದಿನ ಇಂಟರ್ನುಗಳಿಗೂ ವಿದಾಯ. "ಡ್ರೈವರ್ ತಂಗಿದು ಅಡಿಟಿಪ್ಪಣಿಗೆ ಹಾಕಮ್ಮ" ಅಂದರು ತಲೆ ಎತ್ತದೆ. "ಹಾಜರಿ ದೃಢಪಟ್ಟಿಲ್ಲ ಅಂತ." ಪಾಪು ಯಾಕೆ ಅಂದಳು. "ಯಾಕೆ ಅಂದ್ರೆ ಸಾಕ್ಷಿ ಇಲ್ಲ. ಅದೊಂದನ್ನ ಮೇಲೆ ಇಟ್ರೆ ಅವರ ವಕೀಲ ಅದನ್ನೇ ಹಿಡ್ಕೊಂಡು ಉಳಿದಿದ್ದೆಲ್ಲ ಸುಳ್ಳು ಅಂತಾನೆ. ನನಗೇನು ಸಂತೋಷಾನಾ?" ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟವಾಗಿತ್ತು. ಪಾಪು ಕೂತು ಟೈಪು ಮಾಡಿದಳು. ಅಕ್ಷರ ಚಿಕ್ಕದು ಮಾಡಿ ಪುಟದ ಕೆಳಕ್ಕೆ ತಳ್ಳಿದಳು. ಪುಟದ ಅಡಿಯಲ್ಲಿ ಆ ಸಾಲು ಮಣ್ಣಿನಡಿ ಮಲಗಿದವಳ ಹಾಗೆ ಕಂಡು, ಕೀಬೋರ್ಡಿನಿಂದ ಕೈ ತೆಗೆದಳು.

"ಮೇಡಂ, ಯಾರಾದ್ರೂ ರೆಕಾರ್ಡರ್ ಆಫ್ ಆದ್ಮೇಲೆ ಏನಾದ್ರೂ ಹೇಳಿದ್ರೆ?"

"ಹೇಳಿದ್ರೆ ಅದು ನಮಗೆ ಕೇಳಿಸಿಲ್ಲ." ಲವಂಗ ಈ ದವಡೆಯಿಂದ ಆ ದವಡೆಗೆ ಹೋಯಿತು. ಆಮೇಲೆ ಮೇಡಂ ತಲೆ ಎತ್ತಿದರು. ಕಣ್ಣಿನಲ್ಲಿ ಒಂದು ಹೊಳಪು. ಅಂಗಡಿಯ ಗಾಜಿನಲ್ಲಿ ಪಾಪು ತನ್ನ ಮುಖದಲ್ಲೇ ಕಂಡಿದ್ದ ಹೊಳಪು. "ಯಾರು? ಏನಂದ್ರು? ಒಳ್ಳೇದಿದ್ರೆ ಒಪ್ಪಿಸಿ ಇನ್ನೊಂದ್ಸಲ ರೆಕಾರ್ಡ್ ಮಾಡ್ಕೊಂಡು ಬಾ."

"ಯಾರೂ ಇಲ್ಲ ಮೇಡಂ. ಸುಮ್ನೆ ಕೇಳ್ದೆ."

ಒಳ್ಳೇದಿದ್ರೆ ಅನ್ನುವ ಆ ಮಾತು ಮಧ್ಯಾಹ್ನದ ತನಕ ಅವಳನ್ನು ಬಿಡಲಿಲ್ಲ. ಊಟದ ಡಬ್ಬಿ ಬಿಚ್ಚಿ ಮತ್ತೆ ಮುಚ್ಚಿದಳು. ತಾನು ಯಾರಿಗೋಸ್ಕರ ಸುಮ್ಮನಿದ್ದೇನೆ? ಆ ತಾಯಿಗೋಸ್ಕರ ಅಂದುಕೊಳ್ಳಲು ಹಿತವಾಗಿತ್ತು. ಆದರೆ ಹೇಳಿದರೆ, ನಿನಗೆ ಹೇಗೆ ಗೊತ್ತಾಯ್ತು, ಯಾಕೆ ಕೇಳಿದೆ, ಆಫ್ ಮಾಡಿದ ಮೇಲೂ ಯಾಕೆ ಕೂತಿದ್ದೆ ಅನ್ನುವ ಪ್ರಶ್ನೆಗಳು ಬರುತ್ತವೆ. ವಾರದ ಕೊನೆಗೆ ಕೈಗೆ ಬರುವ ಪ್ರಮಾಣಪತ್ರದ ಮೇಲೆ, ಇಂಥವಳು ಇಲ್ಲಿ ಕಲಿತಳು ಅನ್ನುವ ಆ ಸಾಲಿನ ಮೇಲೆ, ಯಾರೋ ಮಸಿ ಬೆರಳು ಒರೆಸಿದ ಹಾಗಾಗುತ್ತದೆ. ಇಷ್ಟು ಸಣ್ಣದಕ್ಕೆ ತಾನು ಹೆದರಿದ್ದೇನೆ ಅಂತ ತಿಳಿದಾಗ ಅವಳು ಎದ್ದು ನಿಂತಳು. ತಲೆನೋವು ಅಂತ ಮೇಡಂಗೆ ಸುಳ್ಳು ಹೇಳಿದಳು. ಮೇಡಂ ಡ್ರಾಯರಿನಿಂದ ಮಾತ್ರೆ ತೆಗೆದುಕೊಟ್ಟರು. "ನೀರು ಜಾಸ್ತಿ ಕುಡಿ ಪಾಪು, ಬಿಸಿಲು" ಅಂದರು. ಮಾತ್ರೆಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ಅವಳು ಆ ಬೀದಿಯ ಬಸ್ಸು ಹತ್ತಿದಳು. ಇಳಿಯುವ ಹೊತ್ತಿಗೆ ಅದು ಬೆವರಿಗೆ ಕರಗಿ ಅಂಗೈಯೆಲ್ಲ ಬೆಳ್ಳಗಾಗಿತ್ತು.

ತಾಯಿ ಆಗಷ್ಟೇ ಕೆಲಸದಿಂದ ಬಂದು, ಹೊಸ್ತಿಲ ಹೊರಗೆ ಕಾಲು ತೊಳೆದುಕೊಳ್ಳುತ್ತಿದ್ದಳು. ಇವಳನ್ನು ಕಂಡದ್ದೇ ಮಗ್ಗು ನಿಂತಲ್ಲೇ ನಿಂತಿತು.

"ಯಾಕೆ ಬಂದೆ?"

"ಒಳಗೆ ಬರ್ಲಾ ಅಮ್ಮಾ?"

"ಅವರು ಇಲ್ಲ. ಅಲ್ಲಿಗೆ ಹೋಗಿದ್ದಾರೆ." ಒಳಗೆ ಬಾ ಅನ್ನಲಿಲ್ಲ, ಬಾಗಿಲು ಮಾತ್ರ ತೆರೆದೇ ಬಿಟ್ಟು ಒಳಗೆ ಹೋದಳು. ಪಾಪು ಹಿಂದೆಯೇ ಹೋಗಿ ಗೋಡೆಗೆ ಒರಗಿ ನಿಂತಳು. ಫೋಟೋದ ಹುಡುಗಿಯ ಹೆಗಲ ಮೇಲಿನ ಆ ಅರ್ಧ ಕೈ ಯಾರದಿರಬಹುದು ಅಂತ ಈಗ ಮೊದಲ ಬಾರಿಗೆ ಅನಿಸಿತು. ಹೇಗೆ ಶುರು ಮಾಡುವುದು ಅಂತ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಒಂದೇ ಉಸಿರಿಗೆ ಹೇಳಿಬಿಟ್ಟಳು. ಒಬ್ಬ ಡ್ರೈವರ್ ಇದ್ದಾನೆ. ವಾರ ವಾರ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಅವನ ತಂಗಿ ನಿಮ್ಮ ಮಗಳ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದವಳು. ನಿಮ್ಮ ಮಗಳೇ ವಾಚು ಕಟ್ಟಿಕೊಳ್ಳಲು ಕೊಟ್ಟಿದ್ದಳು. ಈಗ ಊರೆಲ್ಲ ಅವಳು ಯಾರದೋ ಜೊತೆ ಓಡಿಹೋದಳು ಅಂತಿದೆ.

ತಾಯಿ ಕೂತುಬಿಟ್ಟಳು. ತೊಳೆದ ಕಾಲಿನಿಂದ ನೀರು ನೆಲದ ಮೇಲೆ ಹರಡಿತು.

"ಕೊಟ್ಟಿದ್ಲಾ" ಅಂದಳು. "ನಾನು ಯಾರೋ ಕದ್ದಿರ್ಬೇಕು ಅಂದ್ಕೊಂಡಿದ್ದೆ. ಆ ಮಗೂನ ಕಳ್ಳಿ ಅಂದ್ಕೊಂಡೇ ಇಷ್ಟು ದಿನ..." ಆಮೇಲೆ ದನಿ ಗಟ್ಟಿಯಾಯಿತು. "ಅದಕ್ಕೆ? ನಾನೇನ್ ಮಾಡ್ಲಿ? ನಮ್ಮನೆಯವರಿಗೆ ಹೋಗಿ ಹೇಳ್ಲಾ, ನೀವು ದಿನಾ ನೀರು ಹಾಕ್ತಿರೋದು ಬೇರೆಯವರ ಮಗಳಿಗೆ, ನಮ್ಮವಳು ಬೂದಿಯಾದ್ಲು, ಗುಡಿಸಿ ಎಸೆದುಬಿಟ್ಟಿದ್ದಾರೆ ಅಂತ? ನೀನು ಹೇಳ್ತೀಯಾ? ಬಾ, ಕೂರು, ಬಂದ ಕೂಡ್ಲೇ ನೀನೇ ಹೇಳು."

"ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ನಿಮಗೆ ತಿಳಿಸ್ಬೇಕು ಅನ್ಸ್ತು."

"ನನಗೆ ತಿಳಿಸಿ ನೀನು ಹಗುರ ಮಾಡ್ಕೊಂಡೆ."

ಪಾಪು ತಲೆ ತಗ್ಗಿಸಿದಳು. ತಾಯಿಯ ದನಿ ಇದ್ದಕ್ಕಿದ್ದ ಹಾಗೆ ಇಳಿಯಿತು. "ನಿನಗೆ ಯಾಕೆ ಹೇಳಿದೆ ಗೊತ್ತಾ? ಬೇರೆಯವರೂ ಬಂದಿದ್ರು. ಪೇಪರಿನವರು, ಸರ್ಕಾರದವರು. ಎಲ್ಲ ಪಟಪಟಾಂತ ಕೇಳಿ ಹೋದ್ರು. ನೀನೊಬ್ಬಳು ಸುಮ್ನೆ ಕೂತೆ. ನಮ್ಮ ಹುಡುಗೀನೂ ಹಾಗೇ. ಕೆಲ್ಸದಿಂದ ಬಂದು ಏನೂ ಮಾತಾಡ್ದೆ ನನ್ನ ಪಕ್ಕದಲ್ಲಿ ಹಾಗೇ ಕೂತಿರ್ತಿದ್ಲು. ಅವಳೇ ಬಂದು ಕೂತ ಹಾಗಾಯ್ತು ನಂಗೆ."

ಇಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಈ ಮನೆಯಲ್ಲಿ ಅವಳಿಗೊಂದು ಜಾಗ ಉಳಿಯುತ್ತಿತ್ತು. ಎದ್ದು ಹೊರಡುವಾಗ ಆ ಕೈ ಮತ್ತೊಮ್ಮೆ ಮುಂಗೈ ಮುಟ್ಟುತ್ತಿತ್ತು.

"ಅಮ್ಮಾ, ಅದು ನಮಗೆ ಕಲಿಸಿಕೊಟ್ಟಿದ್ದು."

"ಏನು?"

"ಹಾಗೆ ಸುಮ್ನೆ ಕೂರೋದು. ಸುಮ್ನೆ ಕೂತ್ರೆ ಜನ ಹೇಳ್ತಾರೆ ಅಂತ... ಆಫೀಸಲ್ಲಿ ಹೇಳಿಕೊಟ್ಟಿದ್ರು. ನಾನು ಬೇಕು ಅಂತಲೇ ಕೂತಿದ್ದೆ."

ತಾಯಿ ಅವಳನ್ನೇ ನೋಡಿದಳು. ಕೋಪ ಬಂದಿದ್ದರೆ ಪಾಪು ತಡೆದುಕೊಳ್ಳುತ್ತಿದ್ದಳೇನೋ. ಬಂದದ್ದು ಒಂದು ಬಗೆಯ ಕುತೂಹಲ. ಇಂಥದ್ದನ್ನೂ ಹೇಳಿಕೊಡುತ್ತಾರಾ, ಅದಕ್ಕೂ ಶಾಲೆ ಇದೆಯಾ ಅನ್ನುವ ಹಾಗೆ. ಆಮೇಲೆ ಆ ಮುಖ ಒಂದು ಕಿಟಕಿ ಮುಚ್ಚಿಕೊಂಡ ಹಾಗೆ ಮುಚ್ಚಿಕೊಂಡಿತು. "ಕಲಿಸಿಕೊಟ್ಟಿದ್ದಾ" ಅಂದಳು ತನಗೇ. ಬಟ್ಟೆ ತಂದು ನೆಲದ ನೀರನ್ನು ಒರೆಸತೊಡಗಿದಳು, ಆಸ್ಪತ್ರೆಯಲ್ಲಿ ಒರೆಸುವ ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ. ಪಾಪು ನಿಂತ ಜಾಗಕ್ಕೆ ಬಂದಾಗ "ಕಾಲೆತ್ತು" ಅಂದಳು. ಪಾಪು ಕಾಲೆತ್ತಿದಳು. "ಹೋಗು ಇನ್ನು" ಅಂದಳು.

ಆ ವಾರದ ಉಳಿದ ದಿನಗಳನ್ನು ಪಾಪು ಹೇಗೆ ಕಳೆದಳೋ ಅವಳಿಗೇ ಸರಿಯಾಗಿ ನೆನಪಿಲ್ಲ. ಪುಟಗಳಿಗೆ ಸಂಖ್ಯೆ ಹಾಕಿದಳು. ಬಿಡುಗಡೆ ನಡೆಯುವ ಸಭಾಂಗಣಕ್ಕೆ ಕುರ್ಚಿ ಎಷ್ಟು ಬೇಕು ಅಂತ ಮೂರು ಸಲ ತಪ್ಪಾಗಿ ಹೇಳಿ ಬೈಸಿಕೊಂಡಳು. ಸ್ನಾನಕ್ಕೆ ಕೂತಾಗ ತನ್ನದೇ ಕಿರುಬೆರಳನ್ನು ಪಕ್ಕದ ಬೆರಳಿಗೆ ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ ಹಿಡಿದು ನೋಡುತ್ತಿದ್ದಳು. ಅಮ್ಮ ಬಾಗಿಲು ಬಡಿದು ಕೂಗುವ ತನಕ. ಕೆಲವೊಮ್ಮೆ ನೆಲದಡಿಯಲ್ಲಿ ಮಲಗಿದ ಆ ಡ್ರೈವರನ ತಂಗಿ ಕಣ್ಣಿಗೆ ಕಟ್ಟುತ್ತಿದ್ದಳು. ಮುಖವಿಲ್ಲ, ಆದರೂ ಮುಜುಗರದಿಂದ ಮುದುಡಿಕೊಂಡಿದ್ದಾಳೆ. ಯಾರೋ ಅಪರಿಚಿತ ಗಂಡಸು ದಿನಾ ಬಂದು ಮಗಳೇ ಅನ್ನುತ್ತಾನೆ. ನಾನಲ್ಲ ಅಂತ ಹೇಳಲು ಅವಳಿಗೆ ಬಾಯಿಲ್ಲ. ಅವಳ ಪಕ್ಕದಲ್ಲಿ ಎಲ್ಲೂ ಇಲ್ಲದ ಇನ್ನೊಬ್ಬಳು ನಿಂತಿರುತ್ತಿದ್ದಳು, ಕೈಯಲ್ಲಿ ವಾಚಿಲ್ಲದವಳು, ಹೊತ್ತೆಷ್ಟಾಯಿತು ಅಂತ ಕೇಳುತ್ತ.

ಬಿಡುಗಡೆಯ ದಿನ ಬಂತು. ಸಭಾಂಗಣ ಚಿಕ್ಕದು, ಮೈಕು ಕುಂಯ್ ಅನ್ನುವಂಥದ್ದು. ಸತ್ತವರ ಮನೆಯವರು ಮುಂದಿನ ಸಾಲುಗಳಲ್ಲಿ ಕೂತಿದ್ದರು, ಎದ್ದು ಕಾಣುವ ಹಾಗೆ ಒಗೆದ ಬಟ್ಟೆಯಲ್ಲಿ. ಡ್ರೈವರ್ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ. ತಾನು ಮುಂದೆ ಕೂರಬಹುದೋ ಇಲ್ಲವೋ ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ಮೇಡಂ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಹಿಂಬಾಗಿಲ ಬೀಗದ ಮಾತು ಬಂದಾಗ ಅವರ ದನಿ ನಿಜವಾಗಿಯೂ ನಡುಗಿತು. ಇಂಟರ್ನುಗಳನ್ನು ಒಬ್ಬೊಬ್ಬರಾಗಿ ಕರೆದು ಪ್ರಮಾಣಪತ್ರ ಕೊಟ್ಟರು. ಪಾಪುವಿನ ನಿಜವಾದ ಹೆಸರು ಮೈಕಿನಲ್ಲಿ ಕೇಳಿ ಅವಳು ಒಂದು ಗಳಿಗೆ ಬೇರೆ ಯಾರನ್ನೋ ಕರೆದರು ಅಂದುಕೊಂಡು ಕೂತೇ ಇದ್ದಳು. ಜನ ನಕ್ಕರು.

ವೇದಿಕೆಯಿಂದ ಇಳಿಯುವಾಗ ಬಾಗಿಲಲ್ಲಿ ಅವರಿಬ್ಬರನ್ನು ಕಂಡಳು. ತಾಯಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದಳು. ಗಂಡ ನುಣ್ಣಗೆ ಷೇವ್ ಮಾಡಿಕೊಂಡಿದ್ದ, ಗಲ್ಲದಲ್ಲಿ ಬ್ಲೇಡಿನ ಗಾಯ. ಪಾಪು ಹೊರಗೆ ಓಡಿದಳು. ಕಾರಿಡಾರಿನಲ್ಲಿ ತಾಯಿ ಅವಳನ್ನು ಗೋಡೆಯ ಪಕ್ಕಕ್ಕೆ ಕರೆದಳು. "ಹೇಳಿಬಿಟ್ಟೆ" ಅಂದಳು, ಅವಳ ಮುಖ ನೋಡದೆ.

"ಏನಂದ್ರು?"

"ಏನೂ ಅನ್ಲಿಲ್ಲ. ಊಟ ಹಾಕು ಅಂದ್ರು. ಉಂಡ್ರು. ನನಗೂ ಗೊತ್ತಿತ್ತು ಅಂತೇನಾದ್ರೂ ಅಂತಾರೇನೋ ಅಂತ ಕಾದೆ. ಗೊತ್ತಿರ್ಲಿಲ್ಲ ಅವರಿಗೆ. ಬೆಳಿಗ್ಗೆ ಎದ್ದು ಷೇವ್ ಮಾಡ್ಕೊಂಡು, ಆ ಹುಡುಗನ್ನ ತೋರ್ಸು ಅಂದ್ರು." ಆಮೇಲೆ ಸೇರಿಸಿದಳು: "ನಿನಗೋಸ್ಕರ ಅಲ್ಲ. ಆ ಮಗೂನ ಕಳ್ಳಿ ಅಂದ್ಕೊಂಡಿದ್ನಲ್ಲ, ಅದಕ್ಕೆ."

ಪಾಪು ಡ್ರೈವರನನ್ನು ಹೊರಗೆ ಕರೆತಂದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಯಾರೋ ದೊಡ್ಡ ಅಧಿಕಾರಿ ಬಂದಿದ್ದಾರೆ ಅನ್ನುವ ಹಾಗೆ. ಗಂಡನೇ ಹೇಳಿದ. ಸುತ್ತು ಬಳಸದೆ, ನಿಧಾನವಾಗಿ, ದಾರಿ ಕೇಳಿದವರಿಗೆ ಹೇಳುವ ಹಾಗೆ. ವಾಚಿನ ಮಾತು ಹೇಳಿದ. ಷೂ ಮಾತು ಹೇಳಿದ. ನನ್ನ ಹೆಂಡತಿ ನೋಡಿದ್ಲು, ನನ್ನ ಮುಖ ನೋಡಿ ಸುಮ್ಮನಾದ್ಲು, ತಪ್ಪು ತಿಳ್ಕೋಬೇಡಪ್ಪ ಅಂದ. ಡ್ರೈವರ್ ಕೇಳುತ್ತ ಕೇಳುತ್ತ ಗೋಡೆಯನ್ನು ಹಿಡಿದುಕೊಂಡ. ಅವನ ಬಾಯಿ ನಗುವಿನ ಆಕಾರಕ್ಕೆ ಬಂತು, ಡಿಪೋದಲ್ಲಿ ಜನ ಕೇಳಿದಾಗ ಹೀಗೇ ನಗುತ್ತಿದ್ದನೇನೋ. ಆಮೇಲೆ ಅದು ಒಡೆಯಿತು.

"ಕೆಲ್ಸಕ್ಕೇ ಹೋಗಿದ್ಲು" ಅಂದ. "ಕೆಲ್ಸಕ್ಕೇ ಹೋಗಿದ್ಲು ನೋಡಿ. ನಾನು ಹೇಳ್ಲಿಲ್ವಾ?" ಯಾರಿಗೆ ಹೇಳುತ್ತಿದ್ದನೋ.

ಗಂಡ ಕಾದ. ಆಮೇಲೆ ಅವನ ತೋಳು ಮುಟ್ಟಿದ. "ಸ್ಮಶಾನದ ಗೇಟಿಂದ ಒಳಗೆ ಹೋಗಿ ಎಡಕ್ಕೆ ತಿರುಗ್ಬೇಕು. ನಲ್ಲಿ ದಾಟಿ, ಕಾಂಪೌಂಡ್ ಪಕ್ಕ. ಮಧ್ಯಾಹ್ನದ ಮೇಲೆ ನೆರಳು ಬೀಳತ್ತೆ, ಬಿಸಿಲಿಗೆ ಕಷ್ಟ ಇಲ್ಲ. ಕಳೆ ಎಲ್ಲ ತೆಗ್ದಿದ್ದೀನಿ. ಒಂದು ಗಿಡ ಹಚ್ಚಿದ್ದೀನಿ, ಹಿಡ್ಕೊಂಡಿದೆ." ಅವನ ದನಿಯಲ್ಲಿ ಲೆಕ್ಕ ಒಪ್ಪಿಸುವವನ ಅಂಜಿಕೆಯಿತ್ತು. "ಚೆನ್ನಾಗಿ ನೋಡ್ಕೊಂಡಿದ್ದೀವಪ್ಪ ನಿಮ್ಮ ಹುಡುಗೀನ."

ಡ್ರೈವರ್ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಒಳಗೆ ಚಪ್ಪಾಳೆ. ಯಾರೋ ಮೇಡಂಗೆ ಸುದ್ದಿ ಮುಟ್ಟಿಸಿದ್ದರು. ಅವರು ಬಾಗಿಲ ತನಕ ಬಂದು, ಈ ನಾಲ್ವರನ್ನು ನೋಡಿ, ಏನೋ ಕೇಳಲು ಹೊರಟು, ಕೇಳದೆ ಅಲ್ಲೇ ನಿಂತರು. ಲವಂಗ ಅಗಿಯುವುದನ್ನೂ ನಿಲ್ಲಿಸಿದ್ದರು. ಪಾಪು ಅವರ ಕಣ್ಣನ್ನು ಹುಡುಕಲಿಲ್ಲ.

"ವಾಚು ಮಾತ್ರ ನಾವು ಇಟ್ಕೋತೀವಿ" ಅಂದಳು ತಾಯಿ, ಮೊದಲ ಬಾರಿಗೆ ಬಾಯಿಬಿಟ್ಟು. "ನಮಗೆ ಇನ್ನೇನೂ ಇಲ್ಲ."

"ಇಟ್ಕೊಳ್ಳಿ ಅಮ್ಮಾ. ನಿಮ್ಮದೇ ಅದು." ಡ್ರೈವರ್ ಮುಖ ಒರೆಸಿಕೊಂಡ. "ನಮ್ಮ ಅಮ್ಮನ್ನ ಕರ್ಕೊಂಡು ಬರ್ಲಾ? ಇವತ್ತೇ?"

ಹೊರಟು ನಿಂತಾಗ ಗಂಡ ಪಾಪುವಿನ ಕಡೆ ತಿರುಗಿದ. ಅವಳು ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ವಾರವಿಡೀ ಅದಕ್ಕೇ ಕಾದಿದ್ದ ಹಾಗೆ ಅನಿಸಿತು. ಅವನು ಬೈಯಲಿಲ್ಲ. ಅವಳನ್ನು ಸರಿಯಾಗಿ ನೋಡಿಯೂ ಇರಲಿಲ್ಲವೇನೋ. ಅವಳ ಕೈಯಲ್ಲಿದ್ದ ಪೆನ್ನನ್ನು ನೋಡುತ್ತಿದ್ದ.

"ನೀವೇ ಅಲ್ವಾ ಬರ್ಕೊಳ್ಳೋರು? ಹಾಗಾದ್ರೆ ನಮ್ಮದು ಮತ್ತೆ ಬರ್ಕೋಬೇಕಾಗತ್ತೆ. ಮಗಳು ಪತ್ತೆಯಾಗಿಲ್ಲ ಅಂತ. ಆ ಕಟ್ಟಡದಲ್ಲಿ ಇನ್ನೂ ಒಂದ್ಸಲ ಹುಡುಕ್ತಾರಾ ಹೇಗೆ? ಏನೋ ಒಂಚೂರಾದ್ರೂ..." ನಿಲ್ಲಿಸಿದ. "ಎಲ್ಲಾ ಮೊದಲಿಂದ ಹೇಳ್ತೀನಿ. ನಾಳೆ ಬರ್ತೀರಾ?"

ನಾಳೆಯಿಂದ ಅವಳು ಅಲ್ಲಿಯವಳಲ್ಲ. ರಜೆ ಮುಗಿದಿತ್ತು, ಮೇಜು ಖಾಲಿ ಮಾಡಿಯಾಗಿತ್ತು, ಬೀಗದ ಕೈ ಒಪ್ಪಿಸಿಯಾಗಿತ್ತು. ತಾಯಿ ಈಗ ಅವಳನ್ನು ನೇರವಾಗಿ ನೋಡುತ್ತಿದ್ದಳು, ಏನು ಹೇಳುತ್ತಾಳೋ ನೋಡೋಣ ಅನ್ನುವ ಹಾಗೆ.

"ಬರ್ತೀನಿ" ಅಂದಳು ಪಾಪು. "ಎಷ್ಟು ಹೊತ್ತಿಗೆ ಬರ್ಲಿ?"

"ಬೆಳಿಗ್ಗೆನೇ ಬನ್ನಿ." ಗಂಡ ಡ್ರೈವರನ ಕಡೆ ಒಮ್ಮೆ ನೋಡಿದ, ಅಪ್ಪಣೆ ಕೇಳುವವನ ಹಾಗೆ, ಆಮೇಲೆ ದನಿ ತಗ್ಗಿಸಿದ. "ಮಧ್ಯಾಹ್ನ ನಾನು ಅಲ್ಲಿಗೆ ಹೋಗ್ಬೇಕು, ಆ ಹುಡುಗಿ ಹತ್ರ. ರೂಢಿ ಆಗಿಬಿಟ್ಟಿದೆ."